ನೇತ್ರಾವತಿ ಆರಿಸಿಕೊಂಡ ರೂಟರು

ನಮ್ಮ ಹೈಸ್ಕೂಲಿನ ಆಫೀಸಿನಲ್ಲಿ ಕೂರುವ ನೇತ್ರಾವತಿಯಷ್ಟು ಹೆದರುವ ಹೆಂಗಸನ್ನು ನಾನು ಎಲ್ಲೂ ಕಂಡಿಲ್ಲ. ಮನೆಯಲ್ಲಿ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಬಸ್ಸಿಳಿದು ವಾಪಸ್ ಹೋದವಳು ಅವಳು. ಇನ್‌ಸ್ಪೆಕ್ಷನ್‌ಗೆ ಯಾರಾದರೂ ಬರುತ್ತಾರೆಂದರೆ ಹಿಂದಿನ ದಿನವೇ ಜ್ವರ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುವ ಮೊದಲು ನನ್ನ ಮುಖ ನೋಡುತ್ತಾಳೆ, ನಾನೇನೋ ನಂಬರಿನ ಜಾತಕ ಬಲ್ಲವಳ ಹಾಗೆ. ನಾನು ಕುಣಿಗಲ್ ಕಡೆಯವಳು, ಗುಬ್ಬಿಯ ಈ ಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ, ಬಾಯಿ ಸ್ವಲ್ಪ ಜೋರು. ಮಕ್ಕಳ ಬಾಯಲ್ಲಿ ಪ್ರೇಮಲತಾ ಮಿಸ್ಸು. ಬೆನ್ನ ಹಿಂದೆ ಏನನ್ನುತ್ತಾರೋ ಅದು ಇಲ್ಲಿ ಬೇಡ. "ನಿನ್ನ ಹೆದರಿಕೇನ ಒಣಗಿಸಿ ಮಾರಿದ್ರೆ ಗುಬ್ಬೀಲಿ ಎರಡು ಸೈಟ್ ತಗೋಬಹುದಿತ್ತು ಕಣೇ" ಎಂದು ನಾನು ರೇಗಿಸುತ್ತಿದ್ದೆ. ಅವಳು ನಗುತ್ತಿದ್ದಳು. ಆದರೆ ಅವಳ ಮಾವನಿಗೆ ಮರೆವು ಹತ್ತಿದ ಮೇಲೆ ನನಗೂ ರೇಗಿಸುವ ಮನಸ್ಸಾಗಲಿಲ್ಲ. ಹೆದರೋರ ಮೇಲೆ ಹಾವು ಎಸೆದಂತೆ, ಅವಳಿಗೆ ನಿಜವಾದ ಭಯವೊಂದು ಬಂದು ಕೂತಿತ್ತು.

ನೇತ್ರಾವತಿ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಹುಟ್ಟಿ ಬೆಳೆದವಳು. ಕೊಟ್ಟಿದ್ದು ಗುಬ್ಬಿ ತಾಲ್ಲೂಕಿನ ಕಡಬಕ್ಕೆ. ಗಂಡ ಶಿವಮೂರ್ತಿ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು, ಒಳಗೆ ಹೋಗುವಾಗ ಫೋನನ್ನು ಗೇಟಿನಲ್ಲೇ ಕೊಟ್ಟುಬಿಡಬೇಕು. ಅತ್ತೆ ಸಿದ್ದಗಂಗಮ್ಮನಿಗೆ ಮಂಡಿನೋವು, ಜೊತೆಗೆ ಕಿವಿ ಮಂದ. ಮಾವ ಪುಟ್ಟರಂಗಯ್ಯ ಮೊನ್ನೆ ಮೊನ್ನೆಯವರೆಗೂ ತೋಟ, ರಾಗಿ ಹೊಲ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದ ಗಟ್ಟಿ ಆಳು. ಮನೆ ದೊಡ್ಡದು. ಮುಂದೆ ಹೊಸದಾಗಿ ಕಟ್ಟಿದ ಆರ್‌ಸಿಸಿ ಮನೆ, ನಡುವೆ ಮಣ್ಣಿನ ಗೋಡೆಯ ಹಳೇ ಮನೆ, ಅದರ ಹಿಂದೆ ಅಡುಗೆಮನೆ, ಬಚ್ಚಲುಮನೆ, ಹಿತ್ತಲು. ಮುಂಬಾಗಿಲಲ್ಲಿ ನಿಂತು ಕೂಗಿದರೆ ಹಿತ್ತಲಿಗೆ ಕೇಳುವುದಿಲ್ಲ. ಹಿತ್ತಲಿಗೊಂದು ಕಬ್ಬಿಣದ ಗೇಟು, ಗೇಟು ದಾಟಿದರೆ ತೆಂಗಿನ ತೋಟ, ತೋಟ ದಾಟಿದರೆ ಕೆರೆ.

ಆ ಕೆರೆಯೇ ಅವಳ ಭಯ. ಹೋದ ವರ್ಷ ಒಂದು ದಿನ ಪುಟ್ಟರಂಗಯ್ಯ ಹಿತ್ತಲ ಗೇಟು ತೆಗೆದುಕೊಂಡು ಹೋದವರು ಊಟಕ್ಕೆ ಬರಲಿಲ್ಲ. ಸಿಕ್ಕಿದ್ದು ಕೆರೆಯಲ್ಲಿ. ಎದೆಮಟ್ಟ ನೀರಿನಲ್ಲಿ ನಿಂತು, ಕೈಯಾಡಿಸುತ್ತಾ, ತೋಟಕ್ಕೆ ನೀರು ತಿರುಗಿಸುತ್ತಿದ್ದೇನೆ ಅಂದರಂತೆ. ಇನ್ನು ಎರಡು ಹೆಜ್ಜೆ ಇಟ್ಟಿದ್ದರೆ ಹೂಳು ತೆಗೆದ ಗುಂಡಿ. ಅವತ್ತಿನಿಂದ ನೇತ್ರಾವತಿಗೆ ಅನ್ನ ಸೇರುತ್ತಿರಲಿಲ್ಲ. ಗೇಟಿಗೆ ಬೀಗ ಹಾಕಬಾರದಾ ಎಂದು ಎಲ್ಲರೂ ಕೇಳುತ್ತಿದ್ದರು, ನಾನೂ ಕೇಳಿದೆ. ಹಾಕಿ ನೋಡಿದ್ದರಂತೆ. ಅವತ್ತು ಅವರು ಗೇಟಿಗೆ ಹಣೆ ಚಚ್ಚಿಕೊಂಡು ರಕ್ತ ಬರಿಸಿಕೊಂಡರು. ಬೀಗ ಹಾಕುವ ಮಾತು ಅಲ್ಲಿಗೇ ಮುಗಿಯಿತು.

ಆಮೇಲೆ ಶಿವಮೂರ್ತಿ ಒಂದು ಕ್ಯಾಮೆರಾ ತಂದು ಹಿತ್ತಲ ಕಡೆಯ ಗೋಡೆಗೆ, ಬಚ್ಚಲುಮನೆಯ ಕಿಂಡಿಯ ಮೇಲೆ ಹಾಕಿದ. ಗುಬ್ಬಿಯಲ್ಲಿ ಕೂತು ನೇತ್ರಾವತಿ ಫೋನಿನಲ್ಲಿ ಗೇಟನ್ನು ನೋಡಬಹುದು. ಅಷ್ಟೇ ಅಲ್ಲ, ಫೋನಿನಲ್ಲಿ ಮಾತಾಡಿದರೆ ಆ ಕ್ಯಾಮೆರಾ ಅಲ್ಲಿ ಮಾತಾಡುತ್ತದೆ. ಮೊದಲ ಸಲ ಮಾವ ಗೇಟಿನ ಕಡೆ ಹೋಗುವುದನ್ನು ಕಂಡಾಗ ಇವಳು ಗಾಬರಿಯಲ್ಲಿ "ಬಾ ಒಳಗೆ!" ಎಂದು ಕಿರುಚಿಬಿಟ್ಟಳು. ಮಾವನಿಗೆ ಹಾಗೆ ಅಂದೆನಲ್ಲಾ ಎಂದು ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಪುಟ್ಟರಂಗಯ್ಯ ತಲೆಯೆತ್ತಿ ಗೋಡೆ ನೋಡಿ, "ಬಂದೆ ಕಣವ್ವ" ಎಂದು ಮಗುವಿನ ಹಾಗೆ ಒಳಗೆ ಹೋದರು. ಅದು ಅವರಿಗೆ ತಮ್ಮ ತಾಯಿಯ ದನಿಯಾಗಿ ಕೇಳುತ್ತಿದೆ ಎಂದು ಹೇಳಿದ್ದು ಸಿದ್ದಗಂಗಮ್ಮ. ಆ ತಾಯಿ ಸತ್ತು ನಲವತ್ತು ವರ್ಷವಾಗಿದೆ. ಎದುರಿಗೆ ಸಿಕ್ಕಿದರೆ ನೇತ್ರಾವತಿ ಯಾರೆಂದೇ ಅವರಿಗೆ ಗೊತ್ತಾಗುವುದಿಲ್ಲ. ಯಾರೋ ಆಸ್ಪತ್ರೆಯ ನರ್ಸಮ್ಮ ಅಂದುಕೊಳ್ಳುತ್ತಾರೆ. ಗೋಡೆಯಿಂದ ಬಂದರೆ ಮಾತ್ರ ಅವಳ ಮಾತು ವೇದವಾಕ್ಯ.

ಹೀಗೆ ಎರಡು ವಾರ ಚೆನ್ನಾಗಿತ್ತು. ಆಮೇಲೆ ಕ್ಯಾಮೆರಾ ಕೈಕೊಡತೊಡಗಿತು. ನೆಟ್ ಕನೆಕ್ಷನ್ ಕೊಟ್ಟವರ ಪುಟ್ಟ ರೂಟರು ಮುಂದಿನ ಹಾಲಿನಲ್ಲಿತ್ತು. ಮಣ್ಣಿನ ಗೋಡೆಗಳನ್ನೆಲ್ಲ ದಾಟಿ ಹಿತ್ತಲು ಮುಟ್ಟುವ ತ್ರಾಣ ಅದಕ್ಕಿರಲಿಲ್ಲ. "ಅಕ್ಕಾ, ಒಳ್ಳೆ ರೂಟರ್ ತಗೋಬೇಕು, ನೀವೂ ಬನ್ನಿ, ನನಗೊಬ್ಬಳಿಗೇ ಭಯ" ಅಂದಳು. ರೂಟರು ಕೊಳ್ಳುವುದಕ್ಕೂ ಭಯವಾ ಎಂದು ಬೈದುಕೊಂಡೇ ತುಮಕೂರಿಗೆ ಜೊತೆಯಲ್ಲಿ ಹೋದೆ.

ಎಂ.ಜಿ. ರೋಡಿನ ಅಂಗಡಿಯಲ್ಲಿ ಅಂಜನಮೂರ್ತಿ ಎಂಬುವನಿದ್ದ, ಸಮಾಧಾನದ ಹುಡುಗ. ಮನೆಯ ಉದ್ದಗಲ ಕೇಳಿಕೊಂಡು, "ಮೇಡಂ, ಇಷ್ಟುದ್ದದ ಮನೆಗೆ ಮೂರು ಡಬ್ಬಿ ಇರೋ ಸೆಟ್ ತಗೊಳ್ಳಿ. ಒಂದು ಹಾಲಲ್ಲಿ, ಒಂದು ನಡುಮನೇಲಿ, ಒಂದು ಹಿತ್ತಲ ಕಡೆ. ಒಂದರಿಂದ ಒಂದು ಸಿಗ್ನಲ್ ಎತ್ಕೊಂಡು ಮುಂದಕ್ಕೆ ಕೊಡುತ್ತೆ" ಅಂದ.

"ಮೂರರಲ್ಲಿ ಒಂದು ಕೆಟ್ರೆ?" ನೇತ್ರಾವತಿ ಕೇಳಿದಳು.

"ಯಾಕ್ ಕೆಡುತ್ತೆ ಮೇಡಂ?"

"ಕೆಟ್ರೆ ಅಂದೆ. ಒಂದಿದ್ರೆ ಒಂದೇ ಕೆಡೋದು. ಮೂರಿದ್ರೆ ಮೂರು ಕೆಡಬಹುದಲ್ವಾ?"

ಅಂಜನಮೂರ್ತಿ ನನ್ನ ಮುಖ ನೋಡಿದ. ನಾನು ಫ್ಯಾನ್ ನೋಡಿದೆ. ಕೊನೆಗೆ ಅವಳು ಆರಿಸಿದ್ದು ಅಂಗಡಿಯಲ್ಲಿದ್ದವುಗಳಲ್ಲೇ ಅತಿ ಜೋರಾದದ್ದು. ಅಂಗಾತ ಬಿದ್ದ ಕಪ್ಪು ಏಡಿಯಂತೆ ಎಂಟು ಆಂಟೆನಾ ಎತ್ತಿಕೊಂಡು ಕೂತಿತ್ತು. ಕರೆಂಟು ಹೋದರೆ ಇರಲಿ ಎಂದು ಯುಪಿಎಸ್ಸೂ ತಗೊಂಡಳು. ಅಂಜನಮೂರ್ತಿ ಸೋತು, "ಆಯ್ತು, ಮನೆ ಮಧ್ಯದಲ್ಲಿ, ಎತ್ತರದಲ್ಲಿ ಇಡಿ. ಫ್ರಿಜ್ಜು, ಕಬ್ಬಿಣದ ಬೀರು, ನೀರಿನ ಟ್ಯಾಂಕು, ಇವುಗಳ ಹತ್ರ ಮಾತ್ರ ಬೇಡ. ನೀರು ಸಿಗ್ನಲ್‌ನ ಕುಡಿದ್‌ಬಿಡುತ್ತೆ" ಎಂದು ಹೇಳಿ ಬಿಲ್ ಹರಿದ.

ಮನೆ ಮಧ್ಯದಲ್ಲಿ ಎತ್ತರದ ಜಾಗ ಅಂದರೆ ನಡುಮನೆಯ ಅಟ್ಟ. ಅಲ್ಲಿ ಟ್ಯಾಂಕೂ ಇರಲಿಲ್ಲ, ಫ್ರಿಜ್ಜೂ ಇರಲಿಲ್ಲ. ಇದ್ದದ್ದು ತೆಂಗಿನಕಾಯಿ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರು ಕಾಯನ್ನು ಅಟ್ಟಕ್ಕೇರಿಸಿ ವರ್ಷದ ಹತ್ತಿರ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಆಡಿಸಿದರೆ ಕೊಬ್ಬರಿ ಲೊಡಲೊಡ ಅನ್ನಬೇಕು, ಆಗ ಸುಲಿದು ಒಡೆಯುವುದು. ಶಿವಮೂರ್ತಿ ರೂಟರನ್ನು ಅಟ್ಟದ ಮೇಲಿಟ್ಟಾಗ ಕಾಯಿಗಳು ಒಣಗಿ ಲೊಡಲೊಡ ಅನ್ನುತ್ತಿದ್ದವು. ಹಿತ್ತಲಲ್ಲಿ ಸಿಗ್ನಲ್ಲು ಭರ್ತಿ. ಬೇಸಿಗೆ ಶುರುವಾಗುವವರೆಗೂ ನೇತ್ರಾವತಿ ಆಫೀಸಿನಲ್ಲಿ ಸ್ಟೇಪ್ಲರಿಗೆ ಫೋನ್ ಒರಗಿಸಿಕೊಂಡು, ಒಂದು ಕಣ್ಣು ಅದರ ಮೇಲೆ, ಒಂದು ಕಣ್ಣು ಟಿ.ಸಿ. ಮೇಲೆ ಇಟ್ಟು ಕೆಲಸ ಮಾಡಿದಳು. ಆಗಾಗ ಬಗ್ಗಿ ಮೆಲ್ಲಗೆ "ಒಳಗೆ ಬಾ" ಅನ್ನುತ್ತಿದ್ದಳು. ಮಾವನನ್ನು ಹೀಗೆ ಕರೆಯುವುದನ್ನು ಹೆಡ್‌ಮಾಸ್ಟರು ಕೇಳಿಸಿಕೊಂಡಾರು ಎಂಬುದು ಅವಳ ಇನ್ನೊಂದು ಭಯ.

ಯುಗಾದಿಯ ಮುಂಚೆ ಕೊಬ್ಬರಿ ಮಾರಿದರು. ಒಂದು ಭಾನುವಾರ ಶಿವಮೂರ್ತಿ ಆಳುಗಳನ್ನು ಕರೆದು ಹೊಸ ಕಾಯಿ ಅಟ್ಟ ತುಂಬಿಸಿದ. ಸೂಪರ್‌ವೈಸರಲ್ಲವೇ, ಅಚ್ಚುಕಟ್ಟು, ರೂಟರಿಗೆ ಗಾಳಿಯಾಡಲಿ ಎಂದು ಸುತ್ತ ಒಂದು ಗೇಣು ಬಿಟ್ಟು, ನಾಲ್ಕೂ ಕಡೆ ಕಾಯಿಯನ್ನು ಆಂಟೆನಾ ಮುಳುಗುವವರೆಗೆ ಪೇರಿಸಿದ. ಒಂದೊಂದು ಕಾಯಿಯಲ್ಲೂ ಲೋಟದಷ್ಟು ನೀರು. ನೀರಿನ ಟ್ಯಾಂಕಿನ ಹತ್ತಿರ ಬೇಡ ಅಂದರೆ ನೀರಿನ ಗುಡ್ಡದೊಳಗೇ ಹೂತಿಟ್ಟ ಹಾಗಾಯಿತು. ತೆಂಗಿನಕಾಯಿ ಅಂದರೆ ಅವರ ಮನೆಯಲ್ಲಿ ಬೆಳೆ, ಕೊಬ್ಬರಿ, ದುಡ್ಡು. ಅದು ನೀರು ಎಂದು ಯಾರಿಗೆ ಹೊಳೆಯುತ್ತದೆ? ಮಾರನೆಯ ದಿನದಿಂದ ಕ್ಯಾಮೆರಾ ತಡವರಿಸಿತು. ನೆಟ್ ಕನೆಕ್ಷನ್ನಿನವನಿಗೆ ಬೈದರು, ಕ್ಯಾಮೆರಾ ಬಿಚ್ಚಿ ಒರೆಸಿ ಮತ್ತೆ ಹಾಕಿದರು. ನೇತ್ರಾವತಿ ಇದಕ್ಕಿಂತ ದೊಡ್ಡ ರೂಟರು ಬಂದಿದೆಯಾ ಎಂದು ಫೋನಿನಲ್ಲಿ ಹುಡುಕುತ್ತಾ ಕೂತಳು.

ಆ ವಾರವೇ ಅದು ನಡೆದದ್ದು. ಫಲಿತಾಂಶದ ಕೆಲಸ, ನಾನು ಆಫೀಸಿನಲ್ಲಿ ಅವಳ ಎದುರು ಕೂತು ಅಂಕ ಕೂಡುತ್ತಿದ್ದೆ. ಬಿಸಿಲು ಬೆಂಕಿ. ಇದ್ದಕ್ಕಿದ್ದಂತೆ ನೇತ್ರಾವತಿ ಕುರ್ಚಿಯಿಂದ ಎದ್ದು ಫೋನಿಗೆ ಕಿರುಚಿದಳು: "ನಿಂತ್ಕೋ! ಅಲ್ಲೇ ನಿಂತ್ಕೋ, ಅಲ್ಲಾಡ್ಬೇಡ!"

ನಾನು ಬಗ್ಗಿ ನೋಡಿದೆ. ಗೇಟು ಅರ್ಧ ತೆರೆದಿದೆ. ಪುಟ್ಟರಂಗಯ್ಯನ ಬಲಗೈ ಗೇಟಿನ ಸರಳಿನ ಮೇಲಿದೆ, ಒಂದು ಕಾಲು ಹೊರಗೆ, ಒಂದು ಒಳಗೆ. ಮುಖ ಹಿಂದಕ್ಕೆ ತಿರುಗಿ ಕ್ಯಾಮೆರಾ ಕಡೆ ನೋಡುತ್ತಿದೆ.

"ಅಬ್ಬಾ, ನಿಂತ್ರು ಕಣಕ್ಕ" ಎಂದು ಎದೆ ಹಿಡಿದುಕೊಂಡು ಕೂತಳು. ಉಸಿರು ಹಿಂದಕ್ಕೆ ಬಂದ ಮೇಲೆ, "ಈಗ ಒಳಗೆ ಬಾ" ಅಂದಳು. ಅವರು ಕದಲಲಿಲ್ಲ. ಮತ್ತೆ ಅಂದಳು. ಮತ್ತೂ ಕದಲಲಿಲ್ಲ. ಫೋನನ್ನು ಮುಖದ ಹತ್ತಿರ ಹಿಡಿದು ದಿಟ್ಟಿಸಿದಳು. ಅವಳ ಮುಖದ ಬಣ್ಣ ನನ್ನ ಕಣ್ಣೆದುರಿಗೇ ಇಳಿದುಹೋಯಿತು.

"ಅಕ್ಕಾ, ಟವೆಲ್ ನೋಡಿ."

ಹಿತ್ತಲ ಹಗ್ಗದ ಮೇಲೆ ಒಣಹಾಕಿದ್ದ ಟವೆಲು ಗಾಳಿಗೆ ಮೇಲೆದ್ದಿತ್ತು. ಎದ್ದದ್ದು ಇಳಿದಿರಲಿಲ್ಲ. ಚಿತ್ರ ಹೆಪ್ಪುಗಟ್ಟಿ ಎಷ್ಟು ಹೊತ್ತಾಯಿತೋ. ನಾವು ನೋಡುತ್ತಿದ್ದ ಪುಟ್ಟರಂಗಯ್ಯ ಆಗಿನವರು. ಈಗಿನವರು ಎಲ್ಲಿದ್ದಾರೋ ದೇವರೇ ಬಲ್ಲ. ಗೇಟಂತೂ ತೆರೆದಿತ್ತು.

ಅತ್ತೆಗೆ ಫೋನ್ ಮಾಡಿದಳು, ರಿಂಗಾಗುತ್ತದೆ, ಎತ್ತುವವರಿಲ್ಲ. ಗಂಡನ ಫೋನು ಫ್ಯಾಕ್ಟರಿ ಗೇಟಿನಲ್ಲಿ. ಪಕ್ಕದ ಮನೆಯವರು ಮದುವೆಗೆಂದು ಕುಣಿಗಲ್‌ನಲ್ಲಿದ್ದರು. "ನಡಿ" ಎಂದು ನನ್ನ ಸ್ಕೂಟರ್ ತೆಗೆದೆ.

ಗುಬ್ಬಿಯಿಂದ ಕಡಬದ ದಾರಿ ನನಗೆ ಯಾವತ್ತೂ ಅಷ್ಟು ಉದ್ದ ಅನಿಸಿರಲಿಲ್ಲ. ಹಿಂದೆ ಕೂತವಳ ಉಗುರು ನನ್ನ ಭುಜಕ್ಕೆ ನಾಟುತ್ತಿತ್ತು. "ಗೇಟು ಪೂರ್ತಿ ತೆಗೆದಿರಲಿಲ್ಲ ಅಲ್ವಾ ಅಕ್ಕಾ? ಒಂದು ಕಾಲು ಒಳಗೇ ಇತ್ತಲ್ವಾ?" ಎಂದು ಕೇಳುತ್ತಾಳೆ, ನಾನು ಹೂಂ ಅನ್ನುತ್ತೇನೆ, ಮತ್ತೆ ಅದನ್ನೇ ಕೇಳುತ್ತಾಳೆ. ಸುಮ್ಮನಿರು ಎಂದು ಬೈಯೋಣವೆಂದರೆ ನನ್ನ ಬಾಯಿಯೇ ಒಣಗಿತ್ತು. ಇಷ್ಟು ವರ್ಷ ಅವಳ ಭಯವನ್ನು ನಗೆಚಾಟಿಕೆ ಮಾಡಿದವಳು ನಾನು, ಅವತ್ತು ರಸ್ತೆಯ ಹಂಪನ್ನೂ ನೋಡದೆ ಸ್ಕೂಟರ್ ಓಡಿಸುತ್ತಿದ್ದೆ. ಈ ಸಲ ಕೆರೆಯಲ್ಲಿ ಬೇಸಿಗೆಯಲ್ಲೂ ನೀರಿತ್ತು.

ಕೆರೆ ಕಾಣುವ ತಿರುವಿಗೆ ಬಂದೆವು. ಏರಿಯ ಮೇಲೆ ಏಳೆಂಟು ಜನ ಗುಂಪುಗೂಡಿ ನೀರಿನ ಕಡೆ ಬಗ್ಗಿ ನೋಡುತ್ತಿದ್ದರು. ಒಬ್ಬ ಸೊಂಟದ ಮಟ್ಟ ನೀರಿಗಿಳಿದು ಏನನ್ನೋ ಎಳೆಯುತ್ತಿದ್ದ. ನೇತ್ರಾವತಿಯ ಗಂಟಲಿನಿಂದ ಒಂದು ದನಿ ಬಂತು, ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಸ್ಕೂಟರ್ ನಿಲ್ಲುವ ಮೊದಲೇ ಹಾರಿ ಓಡಿದಳು, ಒಂದು ಚಪ್ಪಲಿ ರಸ್ತೆಯಲ್ಲೇ ಉಳಿಯಿತು. ನಾನು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಹಿಂದೆಯೇ ಓಡಿದೆ. ನೀರಿನಿಂದ ಮೇಲೆ ಬಂದದ್ದು ಬಲೆ. ಬಲೆಯಲ್ಲಿ ಮೀನು.

"ಪುಟ್ಟರಂಗಯ್ಯನ್ನ ನೋಡಿದ್ರಾ?" ಎಂದು ಕೇಳಿದೆ.

"ಇಲ್ಲ ಕಣಮ್ಮ, ಈ ಕಡೀಕೆ ಬಂದಿಲ್ಲ" ಅಂದ ಒಬ್ಬ.

ಬಂದಿಲ್ಲ ಅಂದರೆ ಸಮಾಧಾನವಾಗಬೇಕು. ಆಗಲಿಲ್ಲ. ಕೆರೆಗೆ ಒಂದೇ ದಡವಾ?

ಮನೆಗೆ ನುಗ್ಗಿದೆವು. ಮುಂಬಾಗಿಲು ತೆರೆದೇ ಇತ್ತು. ಹಾಲಿನಲ್ಲಿ ಅತ್ತೆಯ ಫೋನು ಚಾರ್ಜಿಗಿಟ್ಟ ಜಾಗದಲ್ಲೇ ಇತ್ತು. ನಡುಮನೆಯ ಅಟ್ಟದಲ್ಲಿ, ಕಾಯಿಗಳ ಸಂದಿಯಿಂದ, ರೂಟರಿನ ಹಸಿರು ದೀಪ ಏನೂ ಆಗಿಲ್ಲವೆಂಬಂತೆ ಮಿಣಮಿಣ ಅನ್ನುತ್ತಿತ್ತು. ಅಡುಗೆಮನೆಯಲ್ಲಿ ಯಾರೂ ಇಲ್ಲ. ನೇತ್ರಾವತಿ ಹಿತ್ತಲ ಬಾಗಿಲು ದಾಟಿದವಳು ಹಾಗೇ ನಿಂತುಬಿಟ್ಟಳು.

ಪುಟ್ಟರಂಗಯ್ಯ ಗೇಟಿನಲ್ಲಿದ್ದರು. ಬಲಗೈ ಸರಳಿನ ಮೇಲೆ, ಒಂದು ಕಾಲು ಹೊರಗೆ, ಒಂದು ಒಳಗೆ, ಮುಖ ಕ್ಯಾಮೆರಾ ಕಡೆ. ಫೋನಿನಲ್ಲಿ ಹೇಗಿದ್ದರೋ ಹಾಗೆಯೇ. ಟವೆಲು ಮಾತ್ರ ಇಳಿದಿತ್ತು. ಪಕ್ಕದಲ್ಲಿ ಸಿದ್ದಗಂಗಮ್ಮ ಮಂಡಿನೋವಿನಲ್ಲೂ ಗಂಡನ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದರು.

"ಬತ್ತಾ ಇಲ್ಲ ಕಣೇ ನೇತ್ರಾ" ಎಂದು ಸಿದ್ದಗಂಗಮ್ಮ ಅಳತೊಡಗಿದರು. "ಎಳುದ್ರೂ ಬರಾಕಿಲ್ಲ, ನೀರು ಕೊಟ್ರೂ ಕುಡಿಯಾಕಿಲ್ಲ. ಅವ್ವ ನಿಂತ್ಕೋ ಅಂದವ್ಳೆ ಅಂತಾರೆ. ಬುಟ್ಟು ಫೋನ್ ತರಾಕೆ ಹೋದ್ರೆ ಎಲ್ಲಿ ಬಿದ್ದೋಯ್ತಾರೋ ಅಂತ ನಾನೂ ಇಲ್ಲೇ ನಿಂತೆ."

ಅವಳ ಕೂಗಿನಲ್ಲಿ "ನಿಂತ್ಕೋ" ಎಂಬುದು ಗೋಡೆ ಮುಟ್ಟಿತ್ತು. "ಒಳಗೆ ಬಾ" ಎಂಬುದು ಮುಟ್ಟಿರಲಿಲ್ಲ. ನಾವು ಸುಳ್ಳೆಂದುಕೊಂಡು ಓಡಿಬಂದ ಆ ಚಿತ್ರ ಅಷ್ಟು ಹೊತ್ತೂ ನಿಜವಾಗಿತ್ತು.

ನೇತ್ರಾವತಿ ಹತ್ತಿರ ಹೋಗಿ, "ಮಾವ, ಬನ್ನಿ, ಒಳಗೆ ಹೋಗಣ" ಎಂದು ತೋಳು ಹಿಡಿದಳು. ಅವರು ಅವಳನ್ನು ಗುರುತಿಲ್ಲದ ಕಣ್ಣಿನಿಂದ ನೋಡಿದರು. ತುಟಿ ಬಿರಿದಿತ್ತು.

"ನೀನ್ ಹೋಗಮ್ಮ. ಅವ್ವ ಹೇಳ್ಲಿ."

"ಅವ್ವನೇ ಕಳಿಸಿದ್ದು ನನ್ನ."

"ಸುಳ್ಳು ಹೇಳ್ಬ್ಯಾಡ. ಅವ್ವ ಹೇಳ್ಲಿ."

ಎಳೆಯಲು ಹೋದರೆ ಕೈ ಇನ್ನೂ ಗಟ್ಟಿಯಾಗಿ ಸರಳು ಹಿಡಿಯಿತು. ನಾನು ಆ ಸರಳು ಮುಟ್ಟಿ ಕೈ ಕಿತ್ತುಕೊಂಡೆ, ಕಾದ ಹೆಂಚಿನ ಹಾಗಿತ್ತು. ನೇತ್ರಾವತಿಯೂ ಮುಟ್ಟಿ ನೋಡಿದಳು. ಫೋನು ತೆಗೆದು ಕ್ಯಾಮೆರಾದಲ್ಲಿ ಮಾತಾಡಲು ನೋಡಿದಳು, ಚಕ್ರ ಸುತ್ತುತ್ತಿತ್ತೇ ಹೊರತು ಏನೂ ಆಗಲಿಲ್ಲ. ಫೋನನ್ನು ಹಾಗೇ ನೆಲದ ಮೇಲಿಟ್ಟು ಒಳಗೆ ಓಡಿದಳು. ಎಲ್ಲಿಗೆ ಹೋದಳೆಂದು ನನಗೆ ಅರ್ಥವಾಗಲಿಲ್ಲ.

ಬಚ್ಚಲುಮನೆಯಿಂದ ಹಂಡೆ ಸರಿಸಿದ ಸದ್ದು ಬಂತು. ಆಮೇಲೆ ಕ್ಯಾಮೆರಾದ ಕೆಳಗಿನ ಕಿಂಡಿಯಿಂದ, ಗೋಡೆಯೊಳಗಿನಿಂದಲೇ ಎನ್ನುವಂತೆ, ಅವಳ ದನಿ. ಅತ್ತೆ ಎದುರಿಗಿದ್ದಾರೆ, ನಾನಿದ್ದೇನೆ, ಬೇಲಿಯಾಚೆ, ಕೆರೆಯಿಂದ ನಮ್ಮ ಹಿಂದೆಯೇ ಬಂದ ಇಬ್ಬರು ನಿಂತು ನೋಡುತ್ತಿದ್ದಾರೆ. ಮದುವೆಯಾಗಿ ಬಂದಾಗಿನಿಂದ ಮಾವನ ಎದುರು ಕುರ್ಚಿಯಲ್ಲಿ ಕೂರದವಳು, ಬಾಯಲ್ಲಿ ಅವರ ಹೆಸರು ಎತ್ತದವಳು, ಎಲ್ಲರಿಗೂ ಕೇಳುವ ಹಾಗೆ ಕೂಗಿದಳು:

"ಪುಟ್ಟಾ! ಲೋ ಪುಟ್ಟರಂಗ! ಸಾಕು ಬಾರೋ ಮಗ, ಒಳಕ್ಕೆ ಬಾ."

ಪುಟ್ಟರಂಗಯ್ಯನ ಮುಖ ಸಡಿಲವಾಯಿತು. "ಬಂದೆ ಕಣವ್ವ" ಅಂದರು. ಸರಳಿನಿಂದ ಕೈ ಬಿಡಿಸಿಕೊಂಡರು. ಒಂದು ಹೆಜ್ಜೆ ಇಟ್ಟರು, ಮರಗಟ್ಟಿದ್ದ ಕಾಲು ಸೋತು ಕುಸಿದರು. ನಾನೂ ಸಿದ್ದಗಂಗಮ್ಮನೂ ಹಿಡಿದುಕೊಂಡೆವು. ಅಂಗೈಯಲ್ಲಿ ಸರಳಿನ ಅಗಲಕ್ಕೆ ಬೊಬ್ಬೆ ಎದ್ದಿತ್ತು.

ಆಮೇಲಿನದು ದೊಡ್ಡ ವಿಷಯವಲ್ಲ. ಡಾಕ್ಟರು ಬಂದು ಔಷಧಿ ಹಚ್ಚಿ, ನೀರು ಕುಡಿಸಿ, ಜೀವಕ್ಕೇನೂ ಇಲ್ಲ ಅಂದರು. ಸಂಜೆ ಬಂದ ಶಿವಮೂರ್ತಿ ಅಂಜನಮೂರ್ತಿಗೆ ಫೋನು ಮಾಡಿ ಕೂಗಾಡಿದ. ಆ ಹುಡುಗ ಸಮಾಧಾನವಾಗಿ, ಅಟ್ಟದ ಮೇಲೆ ಏನಿದೆ ಸಾರ್ ಎಂದು ಕೇಳಿದ. ಶಿವಮೂರ್ತಿ ತೆಂಗಿನಕಾಯಿ ಅಂದ. "ಕಾಯೊಳಗಿರೋದು ನೀರಲ್ವಾ ಸಾರ್?" ಅಂದ ಹುಡುಗ. ಫೋನಿಟ್ಟ ಶಿವಮೂರ್ತಿ ಏಣಿ ಹಾಕಿ ಅಟ್ಟ ಹತ್ತಿದ, ಯಾರ ಮುಖವನ್ನೂ ನೋಡಲಿಲ್ಲ. ಈಗ ಅವರ ಮನೆಯಲ್ಲಿ ಮೂರು ಡಬ್ಬಿಗಳಿವೆ, ಒಂದು ಹಾಲಲ್ಲಿ, ಒಂದು ನಡುಮನೇಲಿ, ಒಂದು ಹಿತ್ತಲ ಕಡೆ.

ಆದರೆ ನನಗೆ ಹೇಳಬೇಕೆನಿಸುವುದು ಅವತ್ತಿನ ಸಂಜೆಯ ಮಾತು. ಪುಟ್ಟರಂಗಯ್ಯ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ನೇತ್ರಾವತಿ ನೆಲದ ಮೇಲೆ ಕೂತು ಅವರ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮುಲಾಮು ಸವರುತ್ತಿದ್ದಳು. ಅವರು ಅವಳನ್ನು ನರ್ಸಮ್ಮ ಅಂದುಕೊಂಡು ಗುಟ್ಟು ಹೇಳುವವರಂತೆ ಬಗ್ಗಿದರು.

"ನಮ್ಮವ್ವ ನಿಂತ್ಕೋ ಅಂದ್ಳು ಕಣಮ್ಮ. ಅಂದೋಳು ಎಲ್ಲೋ ಹೊಂಟೋದ್ಳು. ಕೂಗ್ದೆ, ಓಗೊಡ್ಲಿಲ್ಲ. ಎಷ್ಟೊತ್ತು ಕಾದೆ ಅಂತೀಯಾ! ಎಲ್ಲಿ ಸತ್ತೇ ಹೋದ್ಳೋ ಅಂತ ಹೆದ್ರುಕೊಂಡ್ಬುಟ್ಟಿದ್ದೆ."

ನೇತ್ರಾವತಿ ತಲೆ ಎತ್ತಲಿಲ್ಲ. ಮುಲಾಮಿನ ಮೇಲೆ ಕಣ್ಣೀರು ಬಿತ್ತು, ಅದನ್ನೂ ಸೇರಿಸಿ ಸವರಿದಳು.

"ಇಲ್ಲ, ಚೆನ್ನಾಗವ್ರೆ" ಅಂದಳು. "ನಾನೀಗ್ ತಾನೆ ನೋಡ್ಕೊಂಡು ಬಂದೆ."